ರಾಣಿಯ ಕೊರಳು ಯಾಕೆ ಬರಿದು?

ಪ್ರಶ್ನೆ: ಮೇಷ್ಟ್ರೇ, ಪ್ಯಾರಿಸ್‌ಗೆ ಹೋಗಿದ್ದ ಮಗಳು ವರ್ಸೈ ಅರಮನೆಯ ಒಂದು ಚಿತ್ರದ ಫೋಟೊ ಕಳಿಸಿದ್ದಾಳೆ. ಕೆಂಪು ಬಟ್ಟೆಯ ರಾಣಿ, ಜೊತೆಗೆ ಮೂರು ಮಕ್ಕಳು. ಅವರಲ್ಲಿ ಒಬ್ಬ ಹುಡುಗ ಖಾಲಿ ತೊಟ್ಟಿಲನ್ನು ತೋರಿಸುತ್ತಿದ್ದಾನೆ. ರಾಣಿಯ ಕೊರಳಲ್ಲಿ ಒಂದೆಳೆ ಸರವೂ ಇಲ್ಲ! ಯಾಕೆ?
– ಓದುಗರೊಬ್ಬರು, ತಿಪಟೂರು

ಉತ್ತರ: ಕೊರಳನ್ನು ಗಮನಿಸಿದಿರಲ್ಲ ತಾಯಿ, ಅರ್ಧ ಉತ್ತರ ನಿಮಗೇ ಸಿಕ್ಕಿದೆ. ಮೂವತ್ತು ವರ್ಷ ಡ್ರಾಯಿಂಗ್ ಹೇಳಿಕೊಟ್ಟವನು ನಾನು. ಚಿತ್ರ ಕೊಟ್ಟರೆ ಹುಡುಗರು ಮೊದಲು ಮುಖ ನೋಡುತ್ತಿದ್ದರು. ರಾಜಮನೆತನದ ಚಿತ್ರದಲ್ಲಿ ಮುಖ ಕೊನೆಗೆ. ಮೊದಲು ಬಟ್ಟೆ, ಕೈ, ಸುತ್ತ ಇಟ್ಟ ಸಾಮಾನು.

ಇವಳು ಫ್ರಾನ್ಸಿನ ಮೇರಿ ಆಂಟೊನೆಟ್. ಬರೆದವಳು ಎಲಿಜಬೆತ್ ವಿಜೆ ಲೆ ಬ್ರನ್. ಇಬ್ಬರೂ 1755ರಲ್ಲಿ ಹುಟ್ಟಿದವರು. ಈ ಚಿತ್ರ 1787ರದ್ದು, ಆದರೆ ಕಥೆ ಸ್ವಲ್ಪ ಹಿಂದಿನಿಂದ ಬರಬೇಕು.

1778ರಲ್ಲಿ ಅದೇ ಕಲಾವಿದೆ ಬರೆದ ಚಿತ್ರ ವಿಯೆನ್ನಾಕ್ಕೆ, ರಾಣಿಯ ತಾಯಿ ಮರಿಯಾ ಥೆರೇಸಾಗೆ ಹೋಯಿತು. ಬಿಳಿ ಸ್ಯಾಟಿನ್ನು, ಬಾಗಿಲಲ್ಲಿ ಹಿಡಿಸದಷ್ಟು ಅಗಲದ ಲಂಗ, ಪಕ್ಕದಲ್ಲಿ ಕಿರೀಟ, ಮೇಲೆ ಗಂಡನ ಶಿಲ್ಪ. ‘ನಿನ್ನ ಮಗಳು ಇಲ್ಲಿ ರಾಣಿಯಾಗಿ ನೆಲೆಯೂರಿದ್ದಾಳೆ’ ಅಂತ ತವರಿಗೆ ಬರೆದ ಕಾಗದ ಅದು.

ಎಡವಟ್ಟಾಗಿದ್ದು 1783ರಲ್ಲಿ. ಆ ವರ್ಷದ ಪ್ಯಾರಿಸ್ ಕಲಾ ಪ್ರದರ್ಶನಕ್ಕೆ ಅದೇ ಕಲಾವಿದೆ ಇಟ್ಟ ಚಿತ್ರದಲ್ಲಿ ರಾಣಿ ಬಿಳಿ ಮಸ್ಲಿನ್ ಅಂಗಿ, ಹುಲ್ಲಿನ ಟೋಪಿ ಹಾಕಿಕೊಂಡು ಕಾಣಿಸಿಕೊಂಡಳು. ಒಡವೆ ಇಲ್ಲ, ಕಿರೀಟ ಇಲ್ಲ. ವರ್ಸೈನಲ್ಲೇ ಇದ್ದ ತನ್ನ ಖಾಸಗಿ ಟ್ರಿಯಾನನ್ ತೋಟದಲ್ಲಿ ಅವಳು ಉಡುತ್ತಿದ್ದದ್ದೇ ಹಾಗೆ. ಜನ ‘ರಾಣಿ ಒಳಂಗಿಯಲ್ಲಿ ನಿಂತಿದ್ದಾಳೆ’ ಅಂದರು. ಮದುವೆ ಸ್ಟೇಜಿನ ಮೇಲೆ ನೈಟಿಯಲ್ಲಿ ನಿಂತ ಹಾಗೆ ಅಂದುಕೊಳ್ಳಿ! ಇನ್ನೊಂದು ಸಿಟ್ಟೂ ಇತ್ತು. ಮಸ್ಲಿನ್ ನಮ್ಮ ಬಂಗಾಳದ ಕಡೆಯಿಂದ ಯುರೋಪಿಗೆ ಹೋಗುತ್ತಿದ್ದ ಬಟ್ಟೆ. ರಾಣಿಯೇ ಅದನ್ನು ಉಟ್ಟರೆ ಲಿಯಾನ್ ಊರಿನ ರೇಷ್ಮೆ ನೇಕಾರರ ಗತಿ? ಚಿತ್ರ ಕೆಳಗಿಳಿಸಿದರು. ಕಲಾವಿದೆ ಬೇಗನೇ ಇನ್ನೊಂದು ಬರೆದಳು. ಅದೇ ನಿಲುವು, ಕೈಯಲ್ಲಿ ಅದೇ ಗುಲಾಬಿ. ಬಟ್ಟೆ ಮಾತ್ರ ರೇಷ್ಮೆ, ಕೊರಳಿಗೆ ಮುತ್ತು. ನನ್ನ ಕೇಳಿದರೆ ಇಳಿಸಿದ ಚಿತ್ರವೇ ಚೆಂದ. ಅದರಲ್ಲಿ ಅವಳು ಆರಾಮಾಗಿದ್ದಾಳೆ.

ಆಮೇಲೆ 1785ರಲ್ಲಿ ವಜ್ರದ ಹಾರದ ಹಗರಣ. ಠಕ್ಕರು ರಾಣಿಯ ಹೆಸರು ಹೇಳಿ 647 ವಜ್ರಗಳ ಹಾರ ಹೊಡೆದರು. ಅವಳಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ, ಆದರೆ ಊರೆಲ್ಲ ಅವಳನ್ನೇ ಬೈದಿತು. ಅದೇ ವರ್ಷ ಅರಮನೆ ನಿಮ್ಮ ಚಿತ್ರಕ್ಕೆ ಆರ್ಡರ್ ಕೊಟ್ಟಿತು. ಹಾರದ ಹೆಸರೇ ಎತ್ತಬಾರದಲ್ವಾ, ಅದಕ್ಕೇ ಕೊರಳು ಬರಿದು. ಫೋಟೊ ದೊಡ್ಡದು ಮಾಡಿ ನೋಡಿ, ಹಿಂದೆ ಕತ್ತಲಲ್ಲಿ ಒಡವೆಯ ಬೀರು ಕಾಣುತ್ತದೆ. ಅದು ಹಿಂದಕ್ಕೆ, ಮಕ್ಕಳು ಮುಂದಕ್ಕೆ: ನನ್ನ ಒಡವೆ ಇವರೇ ಅನ್ನುವ ಹಾಗೆ. ತೋಟದ ಹೆಣ್ಣನ್ನು ಮತ್ತೆ ದೇಶದ ತಾಯಿಯಾಗಿ ಕೂರಿಸುವ ಪ್ರಯತ್ನ ಇದು.

ತೊಟ್ಟಿಲು ಸೋಫಿ ಎಂಬ ಕೂಸಿನದು. ಚಿತ್ರ ಮುಗಿಯುವ ಮೊದಲೇ, 1787ರ ಜೂನ್‌ನಲ್ಲಿ, ಹನ್ನೊಂದು ತಿಂಗಳ ಮಗು ತೀರಿಕೊಂಡಿತು.

ಇಷ್ಟೆಲ್ಲ ಮಾಡಿಯೂ ಗಲಾಟೆಯ ಭಯಕ್ಕೆ ಪ್ರದರ್ಶನದ ಮೊದಲ ದಿನ ಚಿತ್ರ ತೂಗುಹಾಕಲಿಲ್ಲ. ಖಾಲಿ ಚೌಕಟ್ಟಿಗೆ ಯಾರೋ ಚೀಟಿ ಅಂಟಿಸಿದರು: ‘ನೋಡಿ, ಖೋತಾ ಇಲ್ಲಿದೆ!’ ಖಜಾನೆ ಬರಿದಾದದ್ದಕ್ಕೆ ಜನ ಅವಳನ್ನು ‘ಮೇಡಂ ಖೋತಾ’ ಅಂತಲೇ ಕರೆಯುತ್ತಿದ್ದರು.

ತೊಟ್ಟಿಲು ತೋರಿಸುತ್ತಿರುವ ಹುಡುಗ ಯುವರಾಜ ಲೂಯಿ ಜೋಸೆಫ್. ಅವನೂ 1789ರ ಜೂನ್‌ನಲ್ಲಿ ಹೋದ, ಏಳು ವರ್ಷಕ್ಕೆ. ಆಮೇಲೆ ಆ ಚಿತ್ರದ ಮುಂದೆ ಹಾಯುವಾಗಲೆಲ್ಲ ರಾಣಿಗೆ ಅಳು ಬರುತ್ತಿತ್ತಂತೆ. ಅವಳೇ ಅದನ್ನು ಗೋಡೆಯಿಂದ ತೆಗೆಸಿದಳು. ಫ್ರೆಂಚ್ ಕ್ರಾಂತಿಯಲ್ಲಿ ಜನ ಅರಮನೆಗೆ ನುಗ್ಗಿದಾಗ ಚಿತ್ರ ಗೋಡೆಯ ಮೇಲೆ ಇರದಿದ್ದರಿಂದಲೇ ಉಳಿಯಿತು ಅಂತ ಕಲಾವಿದೆ ತನ್ನ ನೆನಪುಗಳಲ್ಲಿ ಬರೆದುಕೊಂಡಿದ್ದಾಳೆ.