ಹಗಲು ಸೆಕೆ, ರಾತ್ರಿ ಚಳಿ: ಕಾರಣ ಹವಾಮಾನವೋ, ಮರಗಸಿಯೋ?

ಪ್ರಶ್ನೆ: ಸರ್, ನಮ್ಮದು ಸೋಮವಾರಪೇಟೆ ಹತ್ತಿರ ಸಣ್ಣ ಕಾಫಿ ತೋಟ. ನಾಲ್ಕು ವರ್ಷದಿಂದ ಜಗಲಿ ಗೋಡೆಯ ಥರ್ಮಾಮೀಟರ್ ನೋಡಿ ದಿನದ ಗರಿಷ್ಠ, ಕನಿಷ್ಠ ಬರೆದಿಡುತ್ತಿದ್ದೇನೆ. ಜನವರಿಯಲ್ಲಿ ಬೆಳಿಗ್ಗೆ ನಡುಕ, ಮಧ್ಯಾಹ್ನ ಕಣದಲ್ಲಿ ಬರಿಗಾಲಲ್ಲಿ ನಿಲ್ಲೋಕಾಗಲ್ಲ. ಎರಡರ ಅಂತರ ಜಾಸ್ತಿಯಾಗ್ತಿದೆ. ಇದು ಹವಾಮಾನ ಬದಲಾವಣೆಯಾ?

ಉತ್ತರ: ನಾಲ್ಕು ವರ್ಷ ಬಿಡದೆ ಬರೆದಿದ್ದೀರಲ್ಲ, ಅದಕ್ಕೆ ಮೊದಲು ಶಹಬ್ಬಾಸ್! ಆದರೆ ಅಂತರ ಹಿಗ್ಗಿದ ಕೂಡಲೇ ಹಾಗೆ ಹೇಳಲು ಬರುವುದಿಲ್ಲ. ಭೂಮಿ ಬಿಸಿಯಾಗುತ್ತಾ ಬಂದಾಗ ಬಹಳ ಕಡೆ ಆಗಿದ್ದು ಇದರ ಉಲ್ಟಾ. 1950ರಿಂದೀಚಿನ ದಾಖಲೆ ನೋಡಿದರೆ ಹಗಲಿಗಿಂತ ರಾತ್ರಿಯೇ ಬೇಗ ಬಿಸಿಯಾಗಿ ಅಂತರ ಕುಗ್ಗಿದೆ, ಅದೂ ಹೆಚ್ಚಾಗಿ 1960ರಿಂದ 1980ರ ದಶಕದೊಳಗೆ. ಭಾರತದ ಲೆಕ್ಕ ಬೇರೆ. 20ನೇ ಶತಮಾನದಲ್ಲಿ ಇಲ್ಲಿ ಕನಿಷ್ಠಕ್ಕಿಂತ ಗರಿಷ್ಠವೇ ಜಾಸ್ತಿ ಏರಿತು.

ಈ ಅಂತರವನ್ನು ಹಿಗ್ಗಿಸಿ ಕುಗ್ಗಿಸುವುದರಲ್ಲಿ ಮೋಡದ ಪಾತ್ರ ದೊಡ್ಡದು, ಅದರ ಆಟ ನಿಮ್ಮ ಕಣದಲ್ಲೇ ಕಾಣುತ್ತದೆ. ರಾತ್ರಿ ಕಾಫಿ ರಾಶಿಗೆ ಟಾರ್ಪಾಲ್ ಹೊದಿಸುತ್ತೀರಲ್ವಾ? ಆಕಾಶ ತಿಳಿಯಾಗಿದ್ದರೆ ಬೆಳಿಗ್ಗೆ ಅದರ ಮೇಲೆ ಇಬ್ಬನಿ ನೀರು ನಿಂತಿರುತ್ತದೆ, ಮೋಡ ಕವಿದಿದ್ದರೆ ಹೆಚ್ಚುಕಮ್ಮಿ ಒಣಗೇ ಇರುತ್ತದೆ. ಮೋಡ ರಾತ್ರಿ ನೆಲಕ್ಕೆ ಕಂಬಳಿ, ಹಗಲು ಕೊಡೆ. ಜುಲೈನಲ್ಲಿ ಜಡಿಮಳೆ ಹಿಡಿದಾಗ ಹಗಲು ರಾತ್ರಿಗೆ ನಾಲ್ಕೈದು ಡಿಗ್ರಿ ವ್ಯತ್ಯಾಸ ಸಿಕ್ಕಿದರೆ ಅದೇ ದೊಡ್ಡದು. ನೆಲದ ತೇವಕ್ಕೂ ಪಾತ್ರವಿದೆ. ತೇವವಿದ್ದರೆ ಬಿಸಿಲಿನ ಒಂದಿಷ್ಟು ಶಾಖ ನೀರನ್ನು ಆವಿ ಮಾಡೋದಕ್ಕೇ ಖರ್ಚಾಗುತ್ತದೆ, ಒಣಗಿದ್ದರೆ ಗಾಳಿಯನ್ನು ಕಾಯಿಸುತ್ತದೆ. ಮಳೆ ಜಾಸ್ತಿಯ ಭಾಗಮಂಡಲದ ಹಗಲೂ ಮಳೆ ಕಮ್ಮಿಯ ಕುಶಾಲನಗರದ ಹಗಲೂ ಒಂದೇ ಕೊಡಗು ಜಿಲ್ಲೆಯದಾದರೂ ಒಂದೇ ಥರ ಇಲ್ಲ.

ಈಗ ನಾನೇ ಒಂದು ಕೇಳುತ್ತೇನೆ, ಬೇಜಾರಾಗಬೇಡಿ. ಈ ನಾಲ್ಕು ವರ್ಷದಲ್ಲಿ ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ, ಜೋರಾಗಿ ಮಾಡಿಸಿದ್ದೀರಾ, ಅಥವಾ ಹಳೇ ಕಾಡುಮರ ಕಡಿಸಿ ಸಿಲ್ವರ್ ಓಕ್ ಹಾಕಿದ್ದೀರಾ? ನೆರಳು ತೆಳುವಾದರೆ ಹಗಲು ಬಿಸಿಲು ನೇರ ನೆಲಕ್ಕೆ ಬೀಳುತ್ತದೆ, ರಾತ್ರಿ ನೆಲದ ಶಾಖಕ್ಕೆ ತಡೆ ಇರುವುದಿಲ್ಲ, ಅಂತರ ತಾನಾಗಿ ಹಿಗ್ಗುತ್ತದೆ. ಹಾಗಾಗಿ ಅಂತರವೊಂದನ್ನೇ ನೋಡಬೇಡಿ. ಗರಿಷ್ಠ ಏರಿ ಕನಿಷ್ಠ ಇಳಿದಿದ್ದರೆ ನನಗೆ ಮೊದಲು ಅನುಮಾನ ಬರುವುದು ತೋಟದ ಮೇಲೆಯೇ. ಎರಡೂ ಏರುತ್ತಿದ್ದರೆ ಮಾತು ಬೇರೆ, ಆದರೆ ಅದನ್ನು ಹೇಳಲು ನಾಲ್ಕು ವರ್ಷ ಸಾಲದು. ಹವಾಮಾನದ ಸರಾಸರಿಗೆ ಸಾಮಾನ್ಯವಾಗಿ 30 ವರ್ಷ ಹಿಡಿಯುತ್ತಾರೆ.

ಇನ್ನೊಂದು, ಥರ್ಮಾಮೀಟರನ್ನು ಆ ಗೋಡೆಯಿಂದ ತೆಗೆಯಿರಿ. ಸಿಮೆಂಟ್ ಗೋಡೆ ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ಬಿಡುತ್ತಿರುತ್ತದೆ, ಕನಿಷ್ಠ ಸುಮ್ನೆ ಜಾಸ್ತಿ ತೋರಿಸುತ್ತದೆ. ಅಂಗಳದಲ್ಲಿ ಎದೆಯೆತ್ತರಕ್ಕೆ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ ಇಡಿ. ಜಾಗ ಬದಲಿಸಿದ ತಾರೀಖನ್ನು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯೋದು ಮರೀಬೇಡಿ.