ಸಿಂಗಲ್ಸ್ ಬಾರದವರ ಆಟವಾ ಡಬಲ್ಸ್?

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ. ಟೆನಿಸ್ ಆಡುತ್ತಾಳೆ. ಸಿಂಗಲ್ಸ್‌ನಲ್ಲಿ ಎರಡನೇ ಸುತ್ತು ದಾಟುವುದೇ ಕಷ್ಟ, ಡಬಲ್ಸ್‌ನಲ್ಲಿ ಮಾತ್ರ ಚೆನ್ನಾಗಿ ಆಡುತ್ತಾಳೆ. ‘ಸಿಂಗಲ್ಸ್ ಬಾರದವರು ಡಬಲ್ಸ್ ಆಡ್ತಾರೆ’ ಅಂತ ಪರಿಚಯದವರೊಬ್ಬರು ಅವಳ ಎದುರೇ ಹೇಳಿಬಿಟ್ಟರು. ಒಂದು ವಾರದಿಂದ ರ್ಯಾಕೆಟ್ ಮುಟ್ಟಿಲ್ಲ. ಏನು ಹೇಳಲಿ?
– ಓದುಗರು, ಕದ್ರಿ, ಮಂಗಳೂರು

ಉತ್ತರ: ಮೊದಲು ರೋಹನ್ ಬೋಪಣ್ಣ ಅವರ ಕಥೆ ಹೇಳಿ. 2024ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಪುರುಷರ ಡಬಲ್ಸ್‌ನಲ್ಲಿ ಅದೇ ಅವರ ಮೊದಲ ಗ್ರ್ಯಾಂಡ್ ಸ್ಲಾಮ್. ಆ ಟೂರ್ನಿಯ ಬೆನ್ನಿಗೇ ಡಬಲ್ಸ್‌ನಲ್ಲಿ ವಿಶ್ವದ ನಂಬರ್ 1 ಆದರು, ಅದೂ ಮೊದಲ ಸಲ. ಅಷ್ಟು ವಯಸ್ಸಿನಲ್ಲಿ ಮೊದಲ ಬಾರಿ ನಂಬರ್ 1 ಆದವರು ಬೇರೆ ಯಾರೂ ಇರಲಿಲ್ಲ.

ಅಲ್ಲಿವರೆಗೆ ಏನೇನಾಯಿತು ಅಂತಲೂ ಹೇಳಿ. 2010ರ ಯುಎಸ್ ಓಪನ್ ಫೈನಲ್‌ನಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಆಡಿ, ಬ್ರಯಾನ್ ಸಹೋದರರ ಎದುರು ಎರಡೂ ಸೆಟ್ ಟೈಬ್ರೇಕ್‌ನಲ್ಲಿ (ಸಮ ಸಮ ಆದಾಗ ಗೆಲುವು ನಿರ್ಧರಿಸುವ ಆಟ) ಸೋತರು. 2016ರ ರಿಯೋ ಒಲಿಂಪಿಕ್ಸ್‌ನ ಮಿಶ್ರ ಡಬಲ್ಸ್‌ನಲ್ಲಿ ಸಾನಿಯಾ ಮಿರ್ಜಾ ಜೊತೆ ನಾಲ್ಕನೇ ಸ್ಥಾನ, ಪದಕ ಕೈತಪ್ಪಿತು. 2017ರ ಫ್ರೆಂಚ್ ಓಪನ್‌ನಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೋವ್‌ಸ್ಕಿ ಜೊತೆ ಮಿಶ್ರ ಡಬಲ್ಸ್ ಗೆದ್ದರಲ್ಲ, ಅಲ್ಲೂ ಮೊದಲ ಸೆಟ್ 2-6ರಲ್ಲಿ ಸೋತು, ಕೊನೆಯ ಟೈಬ್ರೇಕ್ 12-10ರಲ್ಲಿ ಗೆದ್ದದ್ದು. 2023ರಲ್ಲಿ ಮತ್ತೆ ಯುಎಸ್ ಓಪನ್ ಫೈನಲ್, ಮತ್ತೆ ಸೋಲು. ಅದಾದ ನಾಲ್ಕೇ ತಿಂಗಳಿಗೆ ಅದೇ ಜೊತೆಗಾರ ಮ್ಯಾಥ್ಯೂ ಎಬ್ಡೆನ್ ಜೊತೆ ಮೆಲ್ಬರ್ನ್‌ನಲ್ಲಿ ಕಪ್ ಎತ್ತಿದರು.

ಡಬಲ್ಸ್ ಬೇರೆಯೇ ಒಂದು ವಿದ್ಯೆ. ಸಿಂಗಲ್ಸ್‌ನಲ್ಲಿ ಬೇಸ್‌ಲೈನ್ ಹತ್ತಿರ ನಿಂತು ಇಪ್ಪತ್ತು ಹೊಡೆತ ಆಡಿದರೂ ನಡೆಯುತ್ತದೆ, ಇಲ್ಲಿ ಸರ್ವ್, ರಿಟರ್ನ್, ಒಂದು ವಾಲಿ (ಚೆಂಡು ನೆಲಕ್ಕೆ ಬೀಳುವ ಮುಂಚೆಯೇ ಹೊಡೆಯುವುದು), ಅಷ್ಟರಲ್ಲೇ ಪಾಯಿಂಟ್ ಮುಗಿದಿರುತ್ತದೆ. ಜೊತೆಗಾರ ಎಲ್ಲಿಗೆ ಸರ್ವ್ ಮಾಡುತ್ತಾನೆ ಅಂತ ಮೊದಲೇ ಮಾತಾಡಿಕೊಂಡು, ನೆಟ್ ಹತ್ತಿರ ಇರುವವರು ಚೆಂಡು ಬರುವ ಮುಂಚೆಯೇ ಅಡ್ಡ ಓಡಬೇಕು. ನಮ್ಮ ಕಂಬಳದಲ್ಲಿ ಜೋಡಿ ಕೋಣಗಳ ಓಟ ನೋಡಿದ್ದೀರಲ್ಲ, ಒಂದು ಎಷ್ಟೇ ಜೋರಾಗಿ ಓಡಿದರೂ ಇನ್ನೊಂದರ ಓಟ ಅದಕ್ಕೆ ಹೊಂದದಿದ್ದರೆ ಏನೂ ಪ್ರಯೋಜನ ಇಲ್ಲ.

ಆದರೆ ಒಂದು ಮಾತು. ಈಗಲೇ ಸಿಂಗಲ್ಸ್ ಬಿಡಿಸಬೇಡಿ. ಬೋಪಣ್ಣ ಕೂಡ ಸಿಂಗಲ್ಸ್ ಆಡಿದವರೇ. 2010ರಲ್ಲಿ ಚೆನ್ನೈಯಲ್ಲಿ ಬ್ರೆಜಿಲ್ ಎದುರಿನ ಡೇವಿಸ್ ಕಪ್‌ನಲ್ಲಿ (ದೇಶ ದೇಶಗಳ ನಡುವಿನ ಟೂರ್ನಿ, ಆಗ ಐದು ಪಂದ್ಯಗಳ ಹಣಾಹಣಿ) ಭಾರತ 0-2 ಹಿಂದೆ ಇತ್ತು. 2-2 ಆದ ಮೇಲೆ ಕೊನೆಯ ಸಿಂಗಲ್ಸ್‌ನಲ್ಲಿ ರಿಕಾರ್ಡೊ ಮೆಲ್ಲೊ ಅವರನ್ನು ಸೋಲಿಸಿ ಗೆಲ್ಲಿಸಿದ್ದು ಇವರೇ. ಸಿಂಗಲ್ಸ್‌ನಲ್ಲಿ ದುಡ್ಡು ಜಾಸ್ತಿ, ಹೆಸರೂ ಜಾಸ್ತಿ, ಅದು ನಿಜ. ಮಗಳಿಗೆ ಅದನ್ನೂ ಮುಚ್ಚಿಡದೆ ಹೇಳಿ. ಸರ್ವ್ ಮತ್ತು ರಿಟರ್ನ್ ಎರಡೂ ಕಡೆ ಬೇಕು. ಇನ್ನು ಮಳೆಗಾಲ ಬಂದರೆ ನಮ್ಮಲ್ಲಿ ಹೊರಗಿನ ಕೋರ್ಟ್‌ಗಳು ತಿಂಗಳುಗಟ್ಟಲೆ ಒದ್ದೆ, ಆಗ ಮನೆಯ ಚಾವಡಿಯಲ್ಲಿ ಗೋಡೆಗೆ ಹೊಡೆದು ವಾಲಿ ಅಭ್ಯಾಸ ಮಾಡಬಹುದು. ಆದರೆ ಇವತ್ತೇ ಮಾತಾಡಿ, ಮಳೆಗಾಲದವರೆಗೆ ಕಾಯಬೇಡಿ.

ಪ್ರಶ್ನೆ: ನನಗೆ 42. ವಾರಕ್ಕೆ ಮೂರು ದಿನ ಟೆನಿಸ್ ಆಡುತ್ತೇನೆ, ಮೊಣಕಾಲು ನೋವು. ಬೋಪಣ್ಣ ಈ ವಯಸ್ಸಲ್ಲಿ ಹೇಗೆ ಆಡಿದರು?
– ಓದುಗರು, ಮಣಿಪಾಲ

ಉತ್ತರ: ಅವರ ಮೊಣಕಾಲಿನ ಮೃದ್ವಸ್ಥಿ ಸವೆದು ಹೋಗಿತ್ತು, ನೋವಿನ ಮಾತ್ರೆ ನುಂಗಿ ಆಡುತ್ತಿದ್ದರು. ಕೊರೊನಾ ಸಮಯದಲ್ಲಿ ಅಯ್ಯಂಗಾರ್ ಯೋಗ ಶುರು ಮಾಡಿದರು. ಅದರಿಂದ ಕಾಲಿಗೆ ಬಲ ಬಂತು, ನೋವು ಕಡಿಮೆಯಾಯಿತು ಅಂತ ಅವರೇ ಹೇಳಿದ್ದಾರೆ. 2021ರಲ್ಲಿ ಸಾಲು ಸೋಲು ಕಂಡು ಆಟ ಬಿಡುವ ಯೋಚನೆಯೂ ಬಂದಿತ್ತಂತೆ. ಆದರೆ ಅವರ ಜೊತೆ ಫಿಸಿಯೋ ಇರುತ್ತಿದ್ದರು, ನಮ್ಮ ಜೊತೆ ಯಾರಿದ್ದಾರೆ? ಹಾಗಾಗಿ ನೀವು ಮೊದಲು ಮೂಳೆ ಡಾಕ್ಟರಿಗೆ ತೋರಿಸಿ, ಆಮೇಲೆ ಯೋಗ. ಸುಮ್ನೆ ವಿಡಿಯೋ ನೋಡಿ ಮಾಡಬೇಡಿ, ಗೊತ್ತಿರುವವರ ಹತ್ತಿರ ಕಲಿಯಿರಿ. ಅಲ್ಲಿವರೆಗೆ ಡಬಲ್ಸ್ ಆಡಿ, ಅರ್ಧ ಕೋರ್ಟ್ ಜೊತೆಗಾರನದ್ದು.

ಪ್ರಶ್ನೆ: ಬೋಪಣ್ಣ ನಮ್ಮ ಕರಾವಳಿಯವರಾ? ಈಗಲೂ ಆಡುತ್ತಾರಾ?
– ಓದುಗರು, ಬ್ರಹ್ಮಾವರ

ಉತ್ತರ: ಅಲ್ಲ, ಘಟ್ಟದ ಮೇಲಿನ ಕೊಡಗಿನವರು, ಕಾಫಿ ಬೆಳೆಯುವ ಮನೆತನ. ಹುಟ್ಟಿದ್ದು 1980ರ ಮಾರ್ಚ್ 4ರಂದು, ಬೆಂಗಳೂರಿನಲ್ಲಿ. 2024ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರ್ 1ರಂದು ನಿವೃತ್ತಿ ಹೇಳಿದರು. ಕೊನೆಯ ಟೂರ್ನಿ ಪ್ಯಾರಿಸ್ ಮಾಸ್ಟರ್ಸ್, ಜೊತೆಗಿದ್ದವರು ಕಜಕಸ್ತಾನದ ಅಲೆಕ್ಸಾಂಡರ್ ಬುಬ್ಲಿಕ್. ಆಗ ಬೋಪಣ್ಣ ಅವರಿಗೆ 45.