ಒಂದೇ ಪ್ರತಿ, ಒಬ್ಬರಿಗೇ
(ಓದುಗರ ಪತ್ರಕ್ಕೆ ಸಂಪಾದಕರ ಉತ್ತರ)

ಹೊಳಲ್ಕೆರೆಯ ಮಾನ್ಯ ಓದುಗರಿಗೆ ನಮಸ್ಕಾರಗಳು.

ನಮ್ಮ ಓದುಗರು ಕೈಯಿಂದಲೇ ಮಾಡಿ, ಅಂಚೆಯ ಮೂಲಕ ಪರಸ್ಪರ ಕಳಿಸಿಕೊಂಡ ಕಾರ್ಡುಗಳನ್ನು ಕಳೆದ ಸಂಚಿಕೆಯ ಎರಡು ಪುಟಗಳಲ್ಲಿ ಪ್ರಕಟಿಸಿದ್ದೆವು. ಅವನ್ನು ನೋಡಿ ತಾವು ಬರೆದ ಪತ್ರ ದಾವಣಗೆರೆಯ ನಮ್ಮ ಕಚೇರಿಗೆ ತಲುಪಿದೆ. ಪುಣೆಯಲ್ಲಿರುವ ಮಗಳೊಂದಿಗೆ ದಿನವೂ ಸಂಜೆ ಫೋನಿನಲ್ಲಿ ಮಾತನಾಡುತ್ತೇನೆ, ಮೊಮ್ಮಗನ ಮುಖವನ್ನೂ ನೋಡುತ್ತೇನೆ, ಹೀಗಿರುವಾಗ ಕಾರ್ಡಿನಲ್ಲಿ ಬರೆಯುವುದಕ್ಕೆ ಏನು ಉಳಿದಿರುತ್ತದೆ ಎಂದು ಕೇಳಿದ್ದೀರಿ. ಚಿತ್ರ ಬರೆಯಲು ಬಾರದವರು ಇದಕ್ಕೆ ಕೈಹಾಕಬಹುದೇ ಎಂಬ ಸಂಕೋಚವನ್ನೂ, ಅಷ್ಟು ಕಷ್ಟಪಟ್ಟು ಮಾಡಿದ್ದು ದಾರಿಯಲ್ಲಿ ಕಳೆದುಹೋದರೆ ಸಂಕಟವಾಗುವುದಿಲ್ಲವೇ ಎಂಬ ಆತಂಕವನ್ನೂ ತೋಡಿಕೊಂಡಿದ್ದೀರಿ. ಇದೇ ಬಗೆಯ ಪ್ರಶ್ನೆಗಳು ಬೇರೆ ಓದುಗರಿಂದಲೂ ಬಂದಿರುವುದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತಿದ್ದೇನೆ.

ಫೋನಿನಲ್ಲಿ ಕಳಿಸಿದ ಚಿತ್ರ ಕಳಿಸಿದವರ ಬಳಿಯೂ ಉಳಿಯುತ್ತದೆ, ಅದೇ ಗಳಿಗೆಯಲ್ಲಿ ಇನ್ನೂ ಹತ್ತು ಮಂದಿಗೆ ಹೋಗುತ್ತದೆ. ಕೈಯಿಂದ ಮಾಡಿದ ಕಾರ್ಡು ಇರುವುದು ಒಂದೇ ಪ್ರತಿ, ಅದೂ ಹೆಸರು ಬರೆದ ಒಬ್ಬರಿಗೇ. ಅಂಚೆ ಡಬ್ಬಿಗೆ ಹಾಕಿದ ಮೇಲೆ ಮಾಡಿದವರ ಹತ್ತಿರ ಏನೂ ಇರುವುದಿಲ್ಲ. ಹೀಗೆ ಪೂರ್ತಿಯಾಗಿ ಕೊಟ್ಟುಬಿಡುವುದರಲ್ಲಿಯೇ ಈ ಹವ್ಯಾಸದ ಸಂತೋಷವಿದೆ ಎಂದು ನಾನು ನಂಬಿದ್ದೇನೆ. ಕೆಲವು ವರ್ಷ ಈ ವಿನಿಮಯದಲ್ಲಿ ತೊಡಗಿದವರ ಮನೆಯ ಪೆಟ್ಟಿಗೆಯನ್ನು ತೆರೆದು ನೋಡಿದರೆ ಅದರಲ್ಲಿ ಅವರ ಕೈಕೆಲಸ ಒಂದೂ ಸಿಗುವುದಿಲ್ಲ, ಇರುವುದೆಲ್ಲ ಬೇರೆಯವರ ಕೈಯದು. ಅವರದೆಲ್ಲ ಬೇರೆ ಬೇರೆ ಊರುಗಳ ಮನೆಗಳಲ್ಲಿ, ಯಾರದೋ ಕನ್ನಡಿಯ ಅಂಚಿನಲ್ಲಿ, ಪುಸ್ತಕದ ನಡುವೆ ಇರುತ್ತದೆ.

ಈಗ ನನ್ನ ಮೇಜಿನ ಮೇಲಿರುವ ಒಂದು ಕಾರ್ಡಿನ ವಿಷಯವನ್ನು ಹೇಳುತ್ತೇನೆ. ಚಳ್ಳಕೆರೆಯಿಂದ ಬಂದ ಇದನ್ನು ಹಳೆಯ ಲಗ್ನಪತ್ರಿಕೆಯೊಂದರ ಬರಿಯ ಬೆನ್ನಿನ ಮೇಲೆ ಮಾಡಿದ್ದಾರೆ. ಬೆಂಡೆಕಾಯಿಯನ್ನು ಅಡ್ಡಲಾಗಿ ಕೊಯ್ದು, ಕೊಯ್ದ ಮುಖವನ್ನು ಕೆಂಪು ಬಣ್ಣಕ್ಕೆ ಅದ್ದಿ, ಸಾಲಾಗಿ ಒತ್ತಿದ್ದಾರೆ. ಪ್ರತಿ ಅಚ್ಚೂ ಐದು ಮೂಲೆಯ ಹೂವಾಗಿ ಮೂಡಿದೆ, ಬೀಜವಿದ್ದ ಜಾಗ ಮಾತ್ರ ಬಿಳಿಯಾಗಿ ಉಳಿದಿದೆ. ಎಡಗಡೆಯ ಹೂಗಳು ಗಾಢವಾಗಿವೆ, ಬಲಕ್ಕೆ ಸರಿದಂತೆ ಬಣ್ಣ ತೀರುತ್ತ ಬಂದು ಕೊನೆಯ ಹೂವು ಕಂಡೂ ಕಾಣದಂತಿದೆ. ಕೆಳಗಿನ ಅಂಚಿನಲ್ಲಿ ಒಂದು ಚಿಕ್ಕ ಹೆಬ್ಬೆಟ್ಟಿನ ಗುರುತು ಇದೆ, ಬಣ್ಣದ ಬಟ್ಟಲಿನ ಹತ್ತಿರ ಮನೆಯ ಮಗು ಕುಳಿತಿದ್ದಿರಬೇಕು. ವಿಳಾಸದ ಬದಿಯಲ್ಲಿ ಅಂಚೆಯ ಮೊಹರು ಜೋರಾಗಿ ಬಿದ್ದು, ಅದರ ಅಂಚು ಹೂವಿನ ಬದಿಗೂ ಗೆರೆಯಾಗಿ ಎದ್ದಿದೆ. ಈ ಕಾರ್ಡನ್ನು ಮಾಡಿದವರು ಚಿತ್ರಕಲೆ ಕಲಿತವರಲ್ಲ, ಹಾಗೆಂದು ಅವರೇ ಬರೆದುಕೊಂಡಿದ್ದಾರೆ. ಆದರೆ ಇದನ್ನು ನೋಡಿದವರು ತಿರುಗಿಸಿ, ಮತ್ತೆ ತಿರುಗಿಸಿ, ಆಮೇಲೆಯೇ ಕೆಳಗಿಡುತ್ತಾರೆ.

ಬೆಂಡೆಕಾಯಿಯ ಅಚ್ಚು ಚೆನ್ನಾಗಿ ಬರಬೇಕಾದರೆ ಒಂದು ಎಚ್ಚರಿಕೆ ಬೇಕು. ಕೊಯ್ದ ಕೂಡಲೇ ಒತ್ತಿದರೆ ಅದರ ಲೋಳೆ ಬಣ್ಣದೊಡನೆ ಬೆರೆತು ಅಚ್ಚು ಕಲಸಿಹೋಗುತ್ತದೆ. ಕೊಯ್ದ ಮುಖ ಕೆಳಗೆ ಮಾಡಿ ಒಣಬಟ್ಟೆಯ ಮೇಲೆ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಒತ್ತಬೇಕು. ಆಲೂಗಡ್ಡೆಯಲ್ಲಿ ಬೇಕಾದ ಆಕಾರವನ್ನೇ ಕೊರೆದುಕೊಳ್ಳಬಹುದು, ಆದರೆ ಅಕ್ಷರ ಕೊರೆಯುವುದಾದರೆ ಅದನ್ನು ತಿರುಗುಮುರುಗಾಗಿ ಕೊರೆಯಬೇಕು. ಇವೆಲ್ಲ ಬೇಡವೆಂದರೆ ತಮ್ಮ ಜಿಲ್ಲೆಯಲ್ಲಿಯೇ ಸುಲಭದ ವಿಷಯವಿದೆ. ಚಿತ್ರದುರ್ಗದ ಬಂಡೆಗಳನ್ನು ಬರೆಯಲಾರದವರು ಯಾರೂ ಇಲ್ಲ. ದುಂಡಗಿನ ಒಂದು ಗೆರೆ, ಅದರ ಮೇಲೆ ಇನ್ನೊಂದು, ನೆರಳಿಗೆ ಪೆನ್ಸಿಲ್ಲಿನ ಓರೆ ಉಜ್ಜು, ಎತ್ತರದಲ್ಲಿ ಒಂದು ಬುರುಜು, ಇಷ್ಟಾದರೆ ದುರ್ಗವನ್ನು ನೋಡಿದವರೆಲ್ಲರೂ ಗುರುತಿಸುತ್ತಾರೆ. ಪುಣೆಯ ಮನೆಯಲ್ಲಿ ಅದನ್ನು ಗುರುತಿಸದೆ ಇರುತ್ತಾರೆಯೇ?

ಕಾಗದದ ಬಗ್ಗೆಯೂ ಹೇಳಬೇಕು, ಏಕೆಂದರೆ ಮೊದಲ ಕಾರ್ಡು ಹಾಳಾಗಿ ಎಷ್ಟೋ ಜನ ಅಲ್ಲಿಗೇ ಕೈಬಿಡುವುದು ಕಾಗದದ ದೆಸೆಯಿಂದ. ತೆಳುವಾದ ಡ್ರಾಯಿಂಗ್ ಹಾಳೆ ಬಣ್ಣದ ನೀರು ಬಿದ್ದೊಡನೆ ಸುರುಳಿಯಾಗುತ್ತದೆ. ದಪ್ಪ ಹಾಳೆ ಸಿಗದಿದ್ದರೆ ಎರಡು ಹಾಳೆಗಳನ್ನು ಅಂಟಿಸಿ, ಭಾರವಾದ ಪುಸ್ತಕಗಳ ಕೆಳಗೆ ಒಂದು ರಾತ್ರಿ ಇಡಿ. ಮೈದಾ ಅಂಟನ್ನು ತೆಳ್ಳಗೆ ಸವರಬೇಕು, ದಪ್ಪಗೆ ಸವರಿದರೆ ಒಣಗಿದ ಮೇಲೆ ಉಬ್ಬುತ್ತದೆ, ಹುಳುವೂ ಹಿಡಿಯುತ್ತದೆ. ವಿಳಾಸವನ್ನು ಜೆಲ್ ಪೆನ್ನಿನಲ್ಲಿಯಾಗಲಿ ಶಾಯಿ ಪೆನ್ನಿನಲ್ಲಿಯಾಗಲಿ ಬರೆಯಬೇಡಿ. ಮಳೆಗಾಲದಲ್ಲಿ ಒಂದೇ ಹನಿ ಬಿದ್ದರೂ ಮನೆಯ ಸಂಖ್ಯೆ ಕರಗಿಹೋಗುತ್ತದೆ. ಬಾಲ್ ಪೆನ್ನಿನಲ್ಲಿ ಬರೆದು, ಅದರ ಮೇಲೆ ಬಿಳಿಯ ಮೇಣದಬತ್ತಿಯನ್ನು ಹಗುರವಾಗಿ ಉಜ್ಜಿದರೆ ನೀರು ಜಾರಿಹೋಗುತ್ತದೆ. ಆದರೆ ಅಂಚೆಚೀಟಿ ಹಚ್ಚುವ ಮೂಲೆಗೆ ಮೇಣ ತಾಗಕೂಡದು, ತಾಗಿದರೆ ಅಂಟು ಹಿಡಿಯುವುದಿಲ್ಲ, ಮೊಹರಿನ ಮಸಿಯೂ ನಿಲ್ಲುವುದಿಲ್ಲ. ಮಣಿ, ಗುಂಡಿ, ಮೊಳಕಾಲ್ಮೂರು ಸೀರೆಯ ಜರಿಯ ತುಣುಕು ಇಂಥವನ್ನು ಅಂಟಿಸುವ ಆಸೆ ಎಲ್ಲರಿಗೂ ಆಗುತ್ತದೆ. ಅಂಥ ಕಾರ್ಡನ್ನು ಲಕೋಟೆಯೊಳಗೆ ಇಟ್ಟು ಕಳಿಸುವುದೇ ಸರಿ.

ಎಲ್ಲಕ್ಕಿಂತ ಸುಲಭದ ದಾರಿಯನ್ನು ಮೊದಲೇ ಹೇಳಬೇಕಿತ್ತೇನೋ. ಅಂಚೆ ಕಚೇರಿಯಲ್ಲಿ ಐವತ್ತು ಪೈಸೆಗೆ ಸಿಗುವ ಸಾದಾ ಕಾರ್ಡನ್ನೇ ಕೊಳ್ಳಿ. ಅದರ ಅಳತೆ 14 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲ. ಅಂಚೆಚೀಟಿ ಅದರ ಮೇಲೆಯೇ ಅಚ್ಚಾಗಿರುತ್ತದೆ. ಹಿಂಬದಿ ಪೂರ್ತಿ ಚಿತ್ರಕ್ಕೆ, ವಿಳಾಸದ ಬದಿಯ ಎಡ ಅರ್ಧ ಮಾತಿಗೆ. ತಾವೇ ಕತ್ತರಿಸಿದ ಹಾಳೆಯಾದರೆ ಇದೇ ಅಳತೆಯನ್ನು ಇಟ್ಟುಕೊಂಡು, ಎಷ್ಟರ ಅಂಚೆಚೀಟಿ ಬೇಕೆಂದು ಕೌಂಟರಿನಲ್ಲಿ ತೋರಿಸಿ ಕೇಳಿಕೊಳ್ಳಿ. ಅಲ್ಲಿಯೇ ಮೊಹರನ್ನು ಕೈಯಿಂದ ನಿಧಾನವಾಗಿ ಹಾಕಿಕೊಡಿರೆಂದು ವಿನಂತಿಸಿದರೆ, ಕೆಲಸದ ಒತ್ತಡ ಇಲ್ಲದ ಹೊತ್ತಿನಲ್ಲಿ ಸಂತೋಷದಿಂದ ಹಾಕಿಕೊಡುವ ಸಿಬ್ಬಂದಿ ಇದ್ದಾರೆ.

ಈ ಎಡ ಅರ್ಧ, ಬಲ ಅರ್ಧ ಎಂಬ ಏರ್ಪಾಡು ಮೊದಲಿನಿಂದ ಇದ್ದದ್ದಲ್ಲ. ಆಸ್ಟ್ರಿಯಾ-ಹಂಗೆರಿಯಲ್ಲಿ 1869ರ ಅಕ್ಟೋಬರ್ 1ರಂದು ಜಗತ್ತಿನ ಮೊದಲ ಅಂಚೆ ಕಾರ್ಡು ಹೊರಬಂತು. ನಮ್ಮ ದೇಶಕ್ಕೆ ಅದು ಬಂದದ್ದು 1879ರ ಜುಲೈ ತಿಂಗಳಲ್ಲಿ, ಬೆಲೆ ಕಾಲಾಣೆ. ಮೊದಮೊದಲು ಒಂದು ಬದಿ ವಿಳಾಸಕ್ಕೇ ಮೀಸಲಾಗಿದ್ದುದರಿಂದ ಚಿತ್ರದ ಕಾರ್ಡು ಕಳಿಸುವವರು ಚಿತ್ರದ ಸುತ್ತ ಉಳಿದ ಚೂರು ಜಾಗದಲ್ಲಿ ಮಾತನ್ನು ತುರುಕಬೇಕಾಗುತ್ತಿತ್ತು. ವಿಳಾಸದ ಪಕ್ಕದಲ್ಲಿ ಮಾತನ್ನೂ ಬರೆಯಬಹುದೆಂದು ಬ್ರಿಟನ್ನಿನ ಅಂಚೆ 1902ರಲ್ಲಿ ಒಪ್ಪಿತು, ಬೇರೆ ದೇಶಗಳೂ ಅದೇ ದಾರಿ ಹಿಡಿದವು. ಹೀಗೆ ಒಂದು ಬದಿ ಪೂರ್ತಿ ಚಿತ್ರಕ್ಕೆ ದಕ್ಕಿತು.

ಪತ್ರವೆಂಬ ರೂಪವಂತೂ ತಮ್ಮ ಜಿಲ್ಲೆಗೆ ಬಹಳ ಹಳೆಯದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನವನ್ನು ಪತ್ರವೆಂದೇ ಓದಬಹುದು. ಸುವರ್ಣಗಿರಿಯ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರಿಂದ (ಹಿರಿಯ ಅಧಿಕಾರಿಗಳಿಂದ) ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಎಂದು, ಕಳಿಸಿದವರ ವಿಳಾಸ ಹಾಗೂ ಪಡೆಯುವವರ ವಿಳಾಸ ಎರಡೂ ಮೊದಲಿಗೇ ಬರುತ್ತವೆ. ಆಮೇಲೆ ಆರೋಗ್ಯದ ವಿಚಾರಣೆ, ಅನಂತರವೇ ರಾಜನ ಮಾತು. ನಮ್ಮ ಹಿರಿಯರು ಕಾರ್ಡಿನ ಮೇಲೆ ಶ್ರೀ ಎಂದು ಬರೆದು, ಇತ್ತ ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯುವುದು ಎಂದು ಆರಂಭಿಸುತ್ತಿದ್ದ ಕ್ರಮವೂ ಇದೇ ತಾನೆ. ನನ್ನ ಮನಸ್ಸನ್ನು ಹೆಚ್ಚು ಹಿಡಿಯುವುದು ಶಾಸನದ ಕೊನೆ. ಇದನ್ನು ಬರೆದವನು ಲಿಪಿಕಾರ ಚಪಡ ಎಂದು ಅವನು ತನ್ನ ಹೆಸರನ್ನು ನಮೂದಿಸಿದ್ದಾನೆ. ಉಳಿದದ್ದೆಲ್ಲ ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮಿ ಲಿಪಿಯಲ್ಲಿದ್ದರೆ, ಲಿಪಿಕಾರ ಎಂಬ ಕೊನೆಯ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯವ್ಯ ಭಾರತದ ಲಿಪಿ. ಆಜ್ಞೆ ರಾಜನದು, ಆದರೆ ಆ ಒಂದು ಪದದಲ್ಲಿ ಚಪಡನ ಕೈ ಇದೆ, ಎರಡು ಸಾವಿರ ವರ್ಷಗಳ ಮೇಲೆಯೂ ನಮಗೆ ಅದು ಕಾಣುತ್ತಿದೆ. ಕೈಯಿಂದ ಮಾಡಿದ ಕಾರ್ಡಿನಲ್ಲಿ ಪಡೆದವರು ಹುಡುಕುವುದೂ ಇಂಥ ಗುರುತನ್ನೇ.

ದೊಡ್ಡ ಕಲಾವಿದರೂ ಈ ಚಿಕ್ಕ ಹಾಳೆಯನ್ನು ಕೀಳಾಗಿ ಕಾಣಲಿಲ್ಲ. ಸಂವಿಧಾನದ ಮೂಲಪ್ರತಿಯನ್ನು ಚಿತ್ರಗಳಿಂದ ಅಲಂಕರಿಸಿದ ನಂದಲಾಲ್ ಬೋಸ್ ಅವರು ಶಿಷ್ಯರಿಗೂ ಆಪ್ತರಿಗೂ ಕಾರ್ಡುಗಳ ಮೇಲೆ ಚಿತ್ರ ಬರೆದು ಅಂಚೆಯಲ್ಲಿ ಕಳಿಸುತ್ತಿದ್ದರು. ನಮ್ಮ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಕಲಿಯುತ್ತಿದ್ದಾಗ ಈ ನಂದಲಾಲರು ಅವರ ಸಹಪಾಠಿ. ಜರ್ಮನಿಯ ಫ್ರಾಂಜ್ ಮಾರ್ಕ್ ತನ್ನ ಗೆಳತಿಯಾದ ಕವಯಿತ್ರಿ ಎಲ್ಸೆ ಲಾಸ್ಕರ್ ಶೂಲರ್ ಅವರಿಗೆ 1913ರ ಹೊಸ ವರ್ಷದ ಶುಭಾಶಯವಾಗಿ ನೀಲಿ ಕುದುರೆಗಳ ಚಿತ್ರವಿದ್ದ ಕಾರ್ಡನ್ನು ಕಳಿಸಿದ. ಅದೇ ಕಲ್ಪನೆಯನ್ನು ಆಮೇಲೆ ಆಳೆತ್ತರದ ಕ್ಯಾನ್‌ವಾಸಿನ ಮೇಲೂ ಚಿತ್ರಿಸಿದ. ಆ ದೊಡ್ಡ ಚಿತ್ರ ಎರಡನೆಯ ಮಹಾಯುದ್ಧದ ಕೊನೆಯ ದಿನಗಳಿಂದ ಈಚೆಗೆ ಎಲ್ಲಿಯೂ ಪತ್ತೆಯಿಲ್ಲ. ಅಂಚೆಯಲ್ಲಿ ಹೋದ ಕಾರ್ಡು ಉಳಿದಿದೆ.

ಕಳೆದುಹೋಗುವ ಆತಂಕಕ್ಕೆ ಇದನ್ನೇ ಸಮಾಧಾನವಾಗಿ ಹೇಳಿ ಮುಗಿಸುವಂತಿಲ್ಲ. ಸಾದಾ ಅಂಚೆಯಲ್ಲಿ ಹೋದದ್ದು ಎಲ್ಲಿದೆಯೆಂದು ತಿಳಿಯುವ ಉಪಾಯವಿಲ್ಲ, ಕೆಲವು ಕಾರ್ಡುಗಳು ತಲುಪುವುದೇ ಇಲ್ಲ. ಪಿನ್‌ಕೋಡನ್ನು ಸ್ಪಷ್ಟವಾಗಿ ಬರೆದರೆ ಅಪಾಯ ಬಹಳಷ್ಟು ಕಡಿಮೆಯಾಗುತ್ತದೆ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರಂಕಿಯ ವ್ಯವಸ್ಥೆಯಲ್ಲಿ ಮೊದಲ ಮೂರು ಅಂಕಿಗಳು ಪತ್ರಗಳನ್ನು ವಿಂಗಡಿಸುವ ಜಿಲ್ಲೆಯನ್ನು ಸೂಚಿಸುತ್ತವೆ. ದಾವಣಗೆರೆಗೂ ಚಿತ್ರದುರ್ಗಕ್ಕೂ ಅವು 577 ಎಂದೇ ಇವೆ, ಆದ್ದರಿಂದ ನಮ್ಮ ಕಡೆಯ ವಿಳಾಸದಲ್ಲಿ ಕೊನೆಯ ಮೂರು ಅಂಕಿಗಳನ್ನು ಅವಸರದಲ್ಲಿ ಗೀಚಕೂಡದು. ಕಳಿಸುವ ಮುನ್ನ ಕಾರ್ಡಿನ ಫೋಟೊ ತೆಗೆದಿಟ್ಟುಕೊಳ್ಳುವವರೂ ಇದ್ದಾರೆ. ಅದು ಅವರವರ ಇಷ್ಟ. ಒಮ್ಮೆಯಾದರೂ ತೆಗೆಯದೆ ಕಳಿಸಿ ನೋಡಿ ಎಂಬುದು ನನ್ನ ಸಲಹೆ. ತಲುಪಿತು ಎಂಬ ಉತ್ತರ ಬರುವವರೆಗಿನ ಆ ಕಾಯುವಿಕೆ ಈಗ ನಮ್ಮ ಬದುಕಿನಲ್ಲಿ ಬೇರೆಲ್ಲಿಯೂ ಉಳಿದಿಲ್ಲ.

ಇನ್ನು ಬರೆಯುವುದೇನು ಎಂಬ ಪ್ರಶ್ನೆ. ಸುದ್ದಿಯೆಲ್ಲ ಫೋನಿನಲ್ಲಿ ಹೋಗಲಿ, ಅದಕ್ಕೆ ಫೋನೇ ಸರಿ. ಜ್ವರ ಬಿಟ್ಟಿತೇ, ಶಾಲೆಯ ಶುಲ್ಕ ಕಟ್ಟಿದಿರಾ, ಊರಿಗೆ ಎಂದು ಬರುತ್ತೀರಿ ಎಂಬುದನ್ನು ಕಾರ್ಡಿನಲ್ಲಿ ಕೇಳಿ ಉತ್ತರಕ್ಕೆ ಕಾಯಬೇಕಾಗಿಲ್ಲ. ಫೋನಿನಲ್ಲಿ ಹೇಳಿದರೆ "ಅಷ್ಟೇನಾ?" ಎನ್ನಿಸಿಬಿಡುವ ಸಂಗತಿಗಳಿರುತ್ತವೆ. ಹಿತ್ತಲಿನ ಕರಿಬೇವಿನ ಗಿಡದಲ್ಲಿ ಹಕ್ಕಿ ಗೂಡು ಕಟ್ಟಿದ್ದು, ಮೊದಲ ಮಳೆ ಬಿದ್ದ ದಿನ ಅಡಕೆ ತೋಟದ ಬಣ್ಣ ಬದಲಾದದ್ದು ಕಾರ್ಡಿಗೆ ಸಲ್ಲುವ ವಿಷಯಗಳು. ಮೂರು ನಾಲ್ಕು ಸಾಲು ಸಾಕು, ಜಾಗವೂ ಅಷ್ಟೇ ಇರುವುದು. ಮುಚ್ಚದ ಕಾಗದವಾದ್ದರಿಂದ ಅಂಚೆಯಣ್ಣನೂ ಓದಿಯಾನು ಎಂಬ ಅರಿವಿನಲ್ಲಿ ಬರೆಯುವಾಗ ಮಾತು ತಾನಾಗಿ ಹಿತಮಿತವಾಗುತ್ತದೆ. ಮನೆಯೊಳಗಿನ ಮಾತಿದ್ದರೆ ಇನ್‌ಲ್ಯಾಂಡ್ ಲೆಟರ್ ಇದ್ದೇ ಇದೆ. ಮೊಮ್ಮಗನಿಗೆ ಕನ್ನಡ ಓದಲು ಬರುತ್ತದೆಯೋ ಇಲ್ಲವೋ ಎಂದು ತಾವು ಪತ್ರದ ಕೊನೆಯಲ್ಲಿ ಬೇಸರಪಟ್ಟಿದ್ದೀರಿ. ದೊಡ್ಡ ಅಕ್ಷರದಲ್ಲಿ ಅವನ ಹೆಸರನ್ನು ಬರೆದು, ಅವನ ಹೆಸರಿಗೇ ಕಳಿಸಿ. ತನ್ನ ಹೆಸರಿಗೆ ಅಂಚೆ ಬಂದ ಮಗು ಅದನ್ನು ಓದಿಸಿಕೊಳ್ಳದೆ ಬಿಡುವುದಿಲ್ಲ, ಉತ್ತರವಾಗಿ ಅವನ ಗೀಚು ಚಿತ್ರವೇ ಬಂದರೂ ಬರಬಹುದು.

ತಾವು ಕೇಳದಿದ್ದರೂ ಒಂದು ಪ್ರಸ್ತಾಪವನ್ನು ಮುಂದಿಡುತ್ತೇನೆ. ವಿಜಯದಶಮಿಯ ಸಂಜೆ ನಮ್ಮ ಕಡೆ ಬನ್ನಿ ಕೊಟ್ಟು, ಬಂಗಾರದಂತೆ ಇರೋಣ ಎಂದು ಹೇಳಿ, ಎದುರಿನವರಿಂದಲೂ ಬನ್ನಿ ಪಡೆಯುವುದು ವಾಡಿಕೆ. ಕೊಟ್ಟದ್ದೂ ಪಡೆದದ್ದೂ ಒಂದೇ ಮರದ ಎಲೆಯಾದರೂ ಯಾರೂ ಲೆಕ್ಕ ಹಾಕುವುದಿಲ್ಲ. ಈ ಬಾರಿ ದಸರೆಗೆ ನಮ್ಮ ಓದುಗರು ಬನ್ನಿಯ ಎಲೆಯನ್ನು ಬರೆದು, ಇಲ್ಲವೆ ಅಚ್ಚೊತ್ತಿ, ತಮಗೆ ಪರಿಚಯವಿಲ್ಲದ ಇನ್ನೊಬ್ಬ ಓದುಗರಿಗೆ ಕಾರ್ಡು ಕಳಿಸುವ ಏರ್ಪಾಡನ್ನು ಮಾಡಬೇಕೆಂದಿದ್ದೇವೆ. ಯಾರಿಗೆ ಯಾರ ವಿಳಾಸ ಎಂಬುದನ್ನು ಕಚೇರಿಯಲ್ಲಿ ಚೀಟಿ ಎತ್ತಿ ನಿರ್ಧರಿಸುತ್ತೇವೆ. ವಿಳಾಸಗಳನ್ನು ಪತ್ರಿಕೆಯಲ್ಲಿ ಅಚ್ಚು ಹಾಕುವುದಿಲ್ಲ, ಚೀಟಿಯಲ್ಲಿ ಬಂದ ಒಬ್ಬರಿಗೆ ಮಾತ್ರ ಅಂಚೆಯಲ್ಲಿ ತಿಳಿಸುತ್ತೇವೆ. ಕಳಿಸಿದವರಿಗೆಲ್ಲ ಒಂದೊಂದು ಕಾರ್ಡು ಬಂದೇ ಬರಬೇಕೆಂಬುದು ನಮ್ಮ ಹೊಣೆ. ಯಾರಿಗಾದರೂ ಬಾರದಿದ್ದರೆ ನಮ್ಮ ಕಚೇರಿಯವರೇ ಒಂದು ಮಾಡಿ ಕಳಿಸುತ್ತಾರೆ.

ಮಗಳಿಗೂ ಮೊಮ್ಮಗನಿಗೂ ಕಾರ್ಡು ಹೋದ ಮೇಲೆ ತಾವೂ ಇದರಲ್ಲಿ ಸೇರಬೇಕೆಂದು ಕೋರುತ್ತೇನೆ. ಒಪ್ಪಿಗೆಯಿದ್ದರೆ ಪೂರ್ಣ ವಿಳಾಸವನ್ನು ಪಿನ್‌ಕೋಡ್ ಸಹಿತ, ಬಾಲ್ ಪೆನ್ನಿನಲ್ಲಿ, ಬಿಡಿ ಹಾಳೆಯೊಂದರ ಮೇಲೆ ಬರೆದು ಮಹಾಲಯ ಅಮಾವಾಸ್ಯೆಗೆ ಮುಂಚೆ ನಮಗೆ ತಲುಪುವಂತೆ ಕಳಿಸಿ.

ವಿಶ್ವಾಸವಿರಲಿ,
ಸಂಪಾದಕ